ಬಿದ್ದವರಿಗಿಂತ ನಿಂತವರ ಬಗ್ಗೆನೇ ಭಯ ಆಗುತ್ತೆ: ಸಭಾಪಾಲಕರಿಗೆ, ಹಿರಿಯರಿಗೆ, ಹಳೇ ವಿಶ್ವಾಸಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಭಾಪಾಲಕರಿಗೆ, ಸಭೆಯ ಹಿರಿಯರಿಗೆ, ಎಷ್ಟೋ ವರ್ಷದಿಂದ ಕರ್ತನ ಹಿಂದೆ ನಡೀತಾ ಇರೋ ಅಣ್ಣಂದಿರಿಗೆ, ಅಕ್ಕಂದಿರಿಗೆ, ಯೇಸುವಿನ ನಾಮದಲ್ಲಿ ವಂದನೆಗಳು.

ನಿನ್ನೆ ಮೊನ್ನೆ ನಂಬಿಕೆಗೆ ಬಂದವರಿಗೆ, ಕುಡಿತ ಬಿಡೋಕೆ ಒದ್ದಾಡ್ತಿರೋರಿಗೆ, ಸಭೆ ಬಿಟ್ಟು ದೂರ ಹೋದವರಿಗೆ ಹೇಳೋಕೆ ನಮ್ಮ ಹತ್ರ ಬೇಕಾದಷ್ಟು ಸಂದೇಶ ಇದೆ, ಹೇಳ್ತಾನೂ ಇದೀವಿ. ಈ ಪತ್ರ ಮಾತ್ರ ಮುಂದಿನ ಸಾಲಲ್ಲಿ ಕೂರೋ ನಮಗೆ. ವಾಕ್ಯ ಬಾಯಿಪಾಠ ಇರೋ ನಮಗೆ, ದಶಮಾಂಶ ತಪ್ಪದೆ ಕೊಡೋ ನಮಗೆ, ಉಪವಾಸ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸೋ ನಮಗೆ. ಯಾಕಂದ್ರೆ ಸುವಾರ್ತೆಗಳನ್ನ ಕೂತು ಓದಿದ್ರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತೆ, ಯೇಸು ಸ್ವಾಮಿ ಅತೀ ಕಠಿಣವಾಗಿ ಮಾತಾಡಿದ್ದು ವೇಶ್ಯೆಯರ ಹತ್ರ ಅಲ್ಲ, ರೋಮಿಗಾಗಿ ತೆರಿಗೆ ವಸೂಲಿ ಮಾಡ್ತಾ ಜನರ ತಿರಸ್ಕಾರಕ್ಕೆ ಒಳಗಾಗಿದ್ದ ಸುಂಕದವರ ಹತ್ರನೂ ಅಲ್ಲ, ಧರ್ಮದಲ್ಲಿ ಮುಂದಿದ್ದವರ ಹತ್ರ. ಮತ್ತಾಯ 23ನೇ ಅಧ್ಯಾಯ ಪೂರ್ತಿ ಓದಿ, "ಅಯ್ಯೋ" ಅನ್ನೋ ಮಾತು ಮತ್ತೆ ಮತ್ತೆ ಬರುತ್ತೆ, ಪ್ರತಿ ಸಾರಿನೂ ಶಾಸ್ತ್ರಿಗಳಿಗೆ, ಫರಿಸಾಯರಿಗೆ, ಅಂದ್ರೆ ಆ ಕಾಲದ ಯೆಹೂದ್ಯ ಧರ್ಮಪಂಡಿತರಿಗೆ, ಧರ್ಮಶಾಸ್ತ್ರವನ್ನ ಕಟ್ಟುನಿಟ್ಟಾಗಿ ಪಾಲಿಸ್ತಿದ್ದ ಪಂಗಡದವರಿಗೆ. ಅದಕ್ಕೆ ಎರಡು ಅಧ್ಯಾಯ ಮುಂಚೆನೇ ಮಹಾಯಾಜಕರಿಗೆ, ಪ್ರಜೆಯ ಹಿರಿಯರಿಗೆ ನೇರವಾಗಿ ಹೇಳಿದ್ರು, ಸುಂಕದವರೂ ವೇಶ್ಯೆಯರೂ ನಿಮಗಿಂತ ಮೊದಲು ದೇವರ ರಾಜ್ಯಕ್ಕೆ ಹೋಗ್ತಾರೆ ಅಂತ. ಕೇಳಿಸಿಕೊಂಡವರು ಹಿರಿಯರು. ಇದನ್ನ ಓದುವಾಗ ಹಿರಿಯರಾದ ನಮಗೆ ಎದೆ ನಡುಗಬೇಕಿತ್ತು.

ಸ್ವನೀತಿ, ಅಂದ್ರೆ ನಾನು ಸರಿ ಇದೀನಿ ಅನ್ನೋ ಒಳಗಿನ ನೆಮ್ಮದಿ, ಇದು ಬೇರೆ ಪಾಪಗಳ ಥರ ಅಲ್ಲ. ಕಳ್ಳತನ ಮಾಡಿದವನಿಗೆ ಕಳ್ಳತನ ಮಾಡಿದೆ ಅಂತ ಗೊತ್ತಿರುತ್ತೆ, ವ್ಯಭಿಚಾರ ಮಾಡಿದವಳಿಗೆ ರಾತ್ರಿ ನಿದ್ದೆ ಬರಲ್ಲ, ಸುಳ್ಳು ಹೇಳಿದವನ ಮನಸ್ಸಾಕ್ಷಿ ಚುಚ್ಚುತ್ತೆ. ಸ್ವನೀತಿ ಚುಚ್ಚಲ್ಲ, ಅದೇ ಅದರ ದೊಡ್ಡ ಅಪಾಯ. ಅದು ಬೆಳೆಯೋದೇ ಒಳ್ಳೇ ಕೆಲಸಗಳ ಮೇಲೆ, ಪ್ರಾರ್ಥನೆ ಮಾಡಿದಷ್ಟೂ ಬೆಳೆಯಬಹುದು, ವಾಕ್ಯ ಕಲಿತಷ್ಟೂ ಬೆಳೆಯಬಹುದು, ಸೇವೆ ಮಾಡಿದಷ್ಟೂ ಬೆಳೆಯಬಹುದು. ಪಶ್ಚಾತ್ತಾಪ ಪಡೋಕೆ ಮೊದಲು ನನ್ನದು ತಪ್ಪು ಅಂತ ಕಾಣಬೇಕಲ್ವಾ, ಈ ಪಾಪ ಮಾಡೋ ಮೊದಲ ಕೆಲಸನೇ ಆ ಕಣ್ಣು ಮುಚ್ಚೋದು. ಕ್ಷೇಮದಿಂದಿರೋರಿಗೆ ವೈದ್ಯ ಬೇಡ, ಕಾಯಿಲೆಯವರಿಗೆ ಬೇಕು ಅಂತ ಯೇಸು ಹೇಳಿದ್ದು ಇದಕ್ಕೇ. ತಾನು ಆರೋಗ್ಯವಾಗಿದೀನಿ ಅಂತ ನಂಬಿಕೊಂಡಿರೋ ರೋಗಿ ವೈದ್ಯನ ಪಕ್ಕದಲ್ಲೇ ಕೂತಿದ್ರೂ ವಾಸಿಯಾಗಲ್ಲ.

ಲೂಕ 18ರ ಫರಿಸಾಯ ಮತ್ತು ಸುಂಕದವನ ಸಾಮ್ಯ ನಮಗೆಲ್ಲ ಗೊತ್ತು. ಇಬ್ಬರೂ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ್ರು, ಫರಿಸಾಯ ತನ್ನ ಒಳ್ಳೇತನ ಹೇಳಿಕೊಂಡ, ಸುಂಕದವನು ಪಾಪಿಯಾದ ನನ್ನನ್ನ ಕರುಣಿಸು ಅಂದ, ನೀತಿವಂತನಾಗಿ ಮನೆಗೆ ಹೋದದ್ದು ಸುಂಕದವನೇ. ಸಂಡೇ ಸ್ಕೂಲಿಂದ ಕೇಳ್ತಾ ಬಂದಿದೀವಿ, ಗೊತ್ತಿರೋದ್ರಿಂದಲೇ ಅದು ನಮ್ಮನ್ನ ಮುಟ್ಟದೆ ಜಾರಿ ಹೋಗ್ತಿದೆ ಅಂತ ನನ್ನ ಅನಿಸಿಕೆ. ಆ ಫರಿಸಾಯ ಸುಳ್ಳು ಹೇಳಲಿಲ್ಲ. ಅವನು ನಿಜವಾಗಿಯೂ ವಾರಕ್ಕೆ ಎರಡು ದಿನ ಉಪವಾಸ ಮಾಡ್ತಿದ್ದ, ಮೋಶೆಯ ಧರ್ಮಶಾಸ್ತ್ರ ಕಡ್ಡಾಯವಾಗಿ ಕೇಳಿದ್ದು ವರ್ಷಕ್ಕೆ ಒಂದೇ ದಿನ, ದೋಷಪರಿಹಾರಕ ದಿನ, ಇವನು ವರ್ಷಕ್ಕೆ ನೂರು ದಿನಕ್ಕಿಂತ ಜಾಸ್ತಿ ಮಾಡ್ತಿದ್ದ. ಸಂಪಾದನೆಯಲ್ಲೆಲ್ಲಾ ಹತ್ತರಲ್ಲೊಂದು ಪಾಲು ಕೊಡ್ತಿದ್ದ. ಇವತ್ತು ಅಂಥವನು ಒಬ್ಬ ನಮ್ಮ ಸಭೆಗೆ ಬಂದ್ರೆ ಆರು ತಿಂಗಳಲ್ಲಿ ಅವನನ್ನ ಕಮಿಟಿಗೆ ಹಾಕ್ಕೊಳ್ತೀವಿ. ಇನ್ನೊಂದು ಗಮನಿಸಿ, ಅವನು ತನ್ನ ಒಳ್ಳೇತನಕ್ಕೆ ದೇವರಿಗೇ ಸ್ತೋತ್ರ ಹೇಳ್ತಿದಾನೆ! ಇದೆಲ್ಲ ನನ್ನ ಶಕ್ತಿಯಿಂದ ಅಂತ ಅವನು ಹೇಳಲಿಲ್ಲ, "ದೇವರೇ ನಿನಗೆ ಸ್ತೋತ್ರ" ಅಂತಲೇ ಶುರು ಮಾಡಿದ. ಅಂದ್ರೆ ಬಾಯಲ್ಲಿ "ಎಲ್ಲಾ ಕೃಪೆ ಬ್ರದರ್, ನನ್ನದೇನೂ ಇಲ್ಲ" ಅಂದ ಮಾತ್ರಕ್ಕೆ ನಾವು ಈ ರೋಗದಿಂದ ತಪ್ಪಿಸಿಕೊಂಡ ಹಾಗಲ್ಲ. ಅವನ ಪ್ರಾರ್ಥನೆಯಲ್ಲಿ ಸ್ತೋತ್ರ ಇತ್ತು, ಉಪವಾಸದ ವಿಷಯ ಇತ್ತು, ಕಾಣಿಕೆಯ ವಿಷಯ ಇತ್ತು, ಬೇಡಿಕೆ ಮಾತ್ರ ಒಂದೂ ಇರಲಿಲ್ಲ. ದೇವರಿಂದ ಅವನಿಗೆ ಏನೂ ಬೇಕಿರಲಿಲ್ಲ. ಪಕ್ಕದಲ್ಲಿ ಒಬ್ಬ ಸುಂಕದವನು ಮಾತ್ರ ಬೇಕಿತ್ತು, ಅಳತೆ ಹಾಕೋಕೆ. ಸ್ವನೀತಿ ಯಾವತ್ತೂ ಒಂಟಿಯಾಗಿ ಬದುಕಲ್ಲ, ಹೋಲಿಸೋಕೆ ತನಗಿಂತ ಕೆಳಗೆ ಯಾರಾದ್ರೂ ಒಬ್ರು ಇರಲೇಬೇಕು. ಅದಕ್ಕೇ ಲೂಕ ಈ ಸಾಮ್ಯಕ್ಕೆ ಮುನ್ನುಡಿಯಾಗಿ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರೆದ, ತಾವೇ ನೀತಿವಂತರು ಅಂತ ತಮ್ಮಲ್ಲೇ ಭರವಸೆ ಇಟ್ಟುಕೊಂಡು ಬೇರೆಯವರನ್ನ ತಿರಸ್ಕಾರ ಮಾಡ್ತಿದ್ದ ಕೆಲವರಿಗೆ ಯೇಸು ಇದನ್ನ ಹೇಳಿದ ಅಂತ.

(ಇಲ್ಲೇ ಒಂದು ಮಾತು. ಫರಿಸಾಯರು ಅಂದ ಕೂಡಲೇ ನಾಟಕದ ವಿಲನ್‌ಗಳ ಥರ ತೋರಿಸೋದು ಬಿಡೋಣ, ಅದರಲ್ಲೂ ಅದನ್ನ ಯೆಹೂದ್ಯರ ಮೇಲಿನ ತಾತ್ಸಾರಕ್ಕೆ ಬಳಸೋದನ್ನಂತೂ ಬಿಡಲೇಬೇಕು. ಯೇಸು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ, ನಿಕೊದೇಮ ಅವರಲ್ಲೇ ಒಬ್ಬ, ಪೌಲನೂ ಅವರಲ್ಲೇ ಒಬ್ಬ. ಆ ಕಾಲದ ಜನ ಅವರನ್ನ ಗೌರವಿಸ್ತಿದ್ರು. ದೇವರ ವಾಕ್ಯವನ್ನ ಸೀರಿಯಸ್ಸಾಗಿ ತಗೊಂಡವರು ಅವರು. ನಾವೂ ಹಾಗೇ ಅಲ್ವಾ, ಅದಕ್ಕೇ ಅವರ ಕಥೆ ನಮ್ಮ ಕಥೆ.)

ಲೂಕ 15ರ ಹಿರಿಯ ಮಗನನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಆಸ್ತಿಯ ಪಾಲು ಹಾಳು ಮಾಡಿ ತಿರುಗಿ ಬಂದು ಅಪ್ಪನಿಂದ ಔತಣ ಪಡೆದ ಕಿರಿಯ ಮಗನ ಮೇಲೆ ನಾವು ಎಷ್ಟು ಸಂದೇಶ ಕೊಟ್ಟಿದೀವಿ ಲೆಕ್ಕ ಇಲ್ಲ, ಹಿರಿಯವನನ್ನ ಕೊನೇ ಐದು ನಿಮಿಷದಲ್ಲಿ ಮುಗಿಸಿಬಿಡ್ತೀವಿ. ಆದ್ರೆ ಯೇಸು ಆ ಕಥೆ ಹೇಳಿದ್ದೇ ಪಾಪಿಗಳ ಜೊತೆ ಊಟ ಮಾಡ್ತಾನೆ ಅಂತ ಗೊಣಗ್ತಿದ್ದ ಫರಿಸಾಯರಿಗೆ, ಶಾಸ್ತ್ರಿಗಳಿಗೆ, ಅಂದ್ರೆ ಹಿರಿಯ ಮಗಂದಿರಿಗೆ. ಅವನು ಅಪ್ಪನ ಹತ್ರ ಏನಂತಾನೆ? ಇಷ್ಟು ವರ್ಷ ನಿನಗೆ ದುಡಿದೆ, ನಿನ್ನ ಒಂದು ಅಪ್ಪಣೆನೂ ಮೀರಲಿಲ್ಲ, ನನಗೆ ಒಂದು ಆಡಿನ ಮರಿನೂ ಕೊಡಲಿಲ್ಲ. ಮನೆ ಮಗ ಕೂಲಿಯವನ ಹಾಗೆ ಲೆಕ್ಕ ಒಪ್ಪಿಸ್ತಿದಾನೆ. ಆಮೇಲೆ "ನನ್ನ ತಮ್ಮ" ಅನ್ನಲ್ಲ, "ಈ ನಿನ್ನ ಮಗ" ಅಂತಾನೆ. ಮತ್ತೆ ಅವನು ವೇಶ್ಯೆಯರ ಹಿಂದೆ ಹೋಗಿ ನಿನ್ನ ಆಸ್ತಿ ನುಂಗಿದ ಅಂತಾನೆ. ಸ್ವಲ್ಪ ಹಿಂದೆ ಹೋಗಿ ನೋಡಿ, ಕಥೆ ಹೇಳುವಾಗ ಯೇಸು ಹೇಳಿದ್ದು ದುಂದು ವೆಚ್ಚ ಮಾಡಿ ಆಸ್ತಿ ಹಾಳು ಮಾಡಿದ ಅಂತ ಮಾತ್ರ, ವೇಶ್ಯೆಯರ ಮಾತು ಅಲ್ಲಿ ಇಲ್ಲ. ಅದನ್ನ ಸೇರಿಸಿದ್ದು ಅಣ್ಣ. ಮನೆ ಒಳಗೇ ಇನ್ನೂ ಹೋಗಿಲ್ಲ, ತಮ್ಮನ ಮುಖ ನೋಡಿಲ್ಲ, ಒಬ್ಬ ಆಳಿನ ಹತ್ರ ವಿಚಾರಿಸಿದ್ದು ಅಷ್ಟೇ, ಅಷ್ಟರಲ್ಲಿ ಇನ್ನೊಂದು ಪಾಪ ಅವನ ತಲೆ ಮೇಲೆ ಹೊರಿಸಿಬಿಟ್ಟ. ಪ್ರಿಯರೇ, ನಮ್ಮ ಪ್ರಾರ್ಥನಾ ವಿನಂತಿಗಳಲ್ಲಿ ಇದೇ ನಡೀತಿಲ್ವಾ? "ಆ ಸಿಸ್ಟರ್‌ಗೋಸ್ಕರ ಪ್ರಾರ್ಥನೆ ಮಾಡಿ, ಏನೋ ಪರಿಸ್ಥಿತಿ ಸರಿ ಇಲ್ಲ, ಜಾಸ್ತಿ ಹೇಳೋಕಾಗಲ್ಲ" ಅಂತ ಶುರುವಾಗಿ ಹತ್ತು ನಿಮಿಷದಲ್ಲಿ ಎಲ್ಲಾ ಹೇಳಿ ಆಗಿರುತ್ತೆ, ಗೊತ್ತಿರೋದೂ ಗೊತ್ತಿಲ್ಲದಿರೋದೂ. ಕೊನೆಗೆ ಪ್ರಾರ್ಥನೆಗೆ ಎರಡೇ ನಿಮಿಷ. ಇದು ಚಾಡಿ, ಪ್ರಾರ್ಥನೆಯ ಹೆಸರಲ್ಲಿ ಮಾಡೋದ್ರಿಂದ ಚಾಡಿಗಿಂತ ಕೆಟ್ಟದ್ದು.

ಇನ್ನೂ ಭಯ ಹುಟ್ಟಿಸೋದು ಪೌಲನ ಮಾತು. ಫಿಲಿಪ್ಪಿಯವರಿಗೆ ಬರೆಯುವಾಗ ತನ್ನ ಹಳೇ ಅರ್ಹತೆಗಳನ್ನ ಒಂದೊಂದಾಗಿ ಹೇಳ್ತಾ ಹೋಗ್ತಾನೆ, ಎಂಟನೇ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಇಬ್ರಿಯರಿಂದ ಹುಟ್ಟಿದ ಇಬ್ರಿಯ, ಧರ್ಮಶಾಸ್ತ್ರದ ವಿಷಯದಲ್ಲಿ ಫರಿಸಾಯ. ಕೊನೇ ಎರಡನ್ನ ನೋಡಿ, ಆಸಕ್ತಿ ಕೇಳಿದ್ರೆ ಸಭೆಯನ್ನ ಹಿಂಸೆ ಪಡಿಸಿದವನು, ಧರ್ಮಶಾಸ್ತ್ರದ ನೀತಿ ಕೇಳಿದ್ರೆ ನಿರ್ದೋಷಿ. ಹಿಂಸೆ ಮತ್ತು ನಿರ್ದೋಷಿ, ಒಂದೇ ಉಸಿರಲ್ಲಿ! ವಿಶ್ವಾಸಿ ಸ್ತೆಫನನನ್ನ ಕಲ್ಲೆಸೆದು ಕೊಲ್ಲುವಾಗ ಆ ಜನರ ಬಟ್ಟೆ ಕಾಯ್ತಾ ನಿಂತಿದ್ದ ಯುವಕ ಸೌಲನ, ಅಂದ್ರೆ ಇದೇ ಪೌಲನ, ಮನಸ್ಸಾಕ್ಷಿ ಪೂರ್ತಿ ಕ್ಲೀನ್ ಇತ್ತು. ತಾನು ದೇವರ ಸೇವೆ ಮಾಡ್ತಿದೀನಿ ಅಂತಲೇ ಅವನು ನಂಬಿದ್ದ. ಆದ್ರಿಂದ "ನನ್ನ ಮನಸ್ಸಾಕ್ಷಿ ಶುದ್ಧವಾಗಿದೆ" ಅನ್ನೋ ಮಾತಿನ ಮೇಲೆ ನಾವು ಅತಿಯಾಗಿ ಭಾರ ಹಾಕಬಾರದು, ಆ ಮಾತು ಸೌಲನೂ ಹೇಳಬಹುದಿತ್ತು. ರಾಜ ದಾವೀದನ ವಿಷಯವೂ ಇದೇ, ಪ್ರವಾದಿ ನಾತಾನ ಬಂದು ಬಡವನ ಕುರಿಮರಿ ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿದಾಗ ದಾವೀದನಿಗೆ ಎಂಥಾ ಕೋಪ ಬಂತು, ಆ ಮನುಷ್ಯ ಸಾಯಬೇಕು ಅಂದ. ಊರೀಯನ ಹೆಂಡತಿಯನ್ನ ತೆಗೆದುಕೊಂಡು ಅವನನ್ನ ಕೊಲ್ಲಿಸಿದವನ ಬಾಯಿಂದ ಬಂದ ತೀರ್ಪು ಅದು. "ಆ ಮನುಷ್ಯನು ನೀನೇ" ಅಂತ ಕೇಳಿಸೋವರೆಗೂ ತಾನು ನ್ಯಾಯದ ಪರ ಇದೀನಿ ಅಂತಲೇ ಅಂದುಕೊಂಡಿದ್ದ. ಬೇರೆಯವರ ಪಾಪದ ಮೇಲೆ ನಮಗೆ ಉಕ್ಕಿ ಬರೋ ಕೋಪ ಎಲ್ಲಾ ಸಾರಿನೂ ಪರಿಶುದ್ಧ ಕೋಪ ಆಗಿರಲ್ಲ, ಕೆಲವು ಸಾರಿ ಅದು ನಮ್ಮದನ್ನ ಮುಚ್ಚಿಕೊಳ್ಳೋಕೆ ಬರೋ ಕೋಪ.

ಲವೊದಿಕೀಯದ ಸಭೆ ಬಗ್ಗೆ ಪ್ರಕಟಣೆ 3ರಲ್ಲಿ ಇದೆ. ಆ ಊರು ಶ್ರೀಮಂತ ಊರು, ಕ್ರಿ.ಶ. 60ರಲ್ಲಿ ಭೂಕಂಪ ಆಗಿ ನೆಲಸಮ ಆದಾಗ ರೋಮಿನ ಸಹಾಯ ಪಡೆಯದೆ ಸ್ವಂತ ದುಡ್ಡಲ್ಲೇ ಮತ್ತೆ ಕಟ್ಟಿಕೊಂಡರು ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದಾನೆ. ಅದೇ ಊರಿನ ಸಭೆ ಹೇಳ್ತಿತ್ತು, ನಾನು ಐಶ್ವರ್ಯವಂತ, ನನಗೆ ಏನೂ ಕೊರತೆ ಇಲ್ಲ. ಆ ಸಭೆಗೆ ಕರ್ತನು ಏನು ಹೇಳಿದ? ಇಗೋ ಬಾಗಿಲಲ್ಲಿ ನಿಂತುಕೊಂಡು ತಟ್ಟುತ್ತಾ ಇದ್ದೇನೆ ಅಂದ. ನಾವು ಈ ವಾಕ್ಯವನ್ನ ಸುವಾರ್ತೆ ಕೂಟಗಳಲ್ಲಿ ಯೇಸುವನ್ನ ಅರಿಯದವರಿಗೆ ಹೇಳ್ತೀವಿ, ಅದು ತಪ್ಪಲ್ಲ, ಆದ್ರೆ ಅದನ್ನ ಬರೆದದ್ದು ಒಂದು ಸಭೆಗೆ. ಒಳಗೆ ಆರಾಧನೆ ನಡೀತಿದೆ, ಯೇಸು ಹೊರಗೆ ಇದಾರೆ, ಒಳಗಿನವರಿಗೆ ಅದು ಗೊತ್ತೇ ಇಲ್ಲ.

ಇಷ್ಟೆಲ್ಲಾ ಬರೆದದ್ದು ನಮ್ಮ ಸಭೆಗಳಲ್ಲಿ ನಾವೇ ಬೆಳೆಸ್ತಿರೋ ಒಂದು ಅಭ್ಯಾಸದ ಬಗ್ಗೆ ಮಾತಾಡೋಕೆ. ಸಾಕ್ಷಿ ಕೊಡೋ ಸಮಯ ನೆನಪಿಸಿಕೊಳ್ಳಿ. ಎದ್ದು ನಿಂತವರ ಪಾಪ ಎಲ್ಲಾ ರಕ್ಷಣೆಗೆ ಮುಂಚಿನದ್ದು. ಕುಡೀತಿದ್ದೆ, ಹೊಡೀತಿದ್ದೆ, ಕರ್ತನು ನನ್ನನ್ನ ಮುಟ್ಟಿದ, ಅಲ್ಲಿಂದ ಬರೀ ಜಯ. ದೇವರಿಗೆ ಸ್ತೋತ್ರ, ಆ ಸಾಕ್ಷಿಗಳು ನಿಜ, ಅವನ್ನ ಕೇಳಿ ಎಷ್ಟೋ ಜನ ಬದುಕಿದಾರೆ. ಆದ್ರೆ ದೀಕ್ಷಾಸ್ನಾನ ಆಗಿ ಇಪ್ಪತ್ತು ವರ್ಷ ಆದ ಮೇಲೂ ಹೆಂಡತಿ ಮೇಲೆ ಕೂಗಾಡೋ, ಫೋನಲ್ಲಿ ನೋಡಬಾರದ್ದು ನೋಡೋ, ಪಕ್ಕದ ಸಭೆ ಬೆಳೆದ್ರೆ ಹೊಟ್ಟೆ ಉರಿಯೋ ಮನುಷ್ಯ ಅದನ್ನ ಎಲ್ಲಿ ಹೇಳಬೇಕು? ಅವನಿಗೆ ನಮ್ಮಲ್ಲಿ ಜಾಗ ಇಲ್ಲ. ಜಾಗ ಇಲ್ಲದ್ದಕ್ಕೆ ಮುಚ್ಚಿಡ್ತಾನೆ, ಮುಚ್ಚಿಟ್ಟು ಮುಚ್ಚಿಟ್ಟು ಒಂದು ದಿನ ತಾನೇ ಅದನ್ನ ಮರೀತಾನೆ, ಮರೆತ ಮೇಲೆ ಬೇರೆಯವರ ಮೇಲೆ ಕಠಿಣ ಆಗ್ತಾನೆ. ನಾವೇ ಒಬ್ಬ ಫರಿಸಾಯನನ್ನ ತಯಾರು ಮಾಡಿದ್ವಿ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳಿದ ತಕ್ಷಣ ಮುಂದಿನ ಮಾತು ನಮ್ಮ ತಪ್ಪುಗಳನ್ನ ಕ್ಷಮಿಸು ಅನ್ನೋದು, ಅಂದ್ರೆ ಊಟ ಎಷ್ಟು ದಿನ ಬೇಕೋ ಕ್ಷಮೆನೂ ಅಷ್ಟೇ ದಿನ ಬೇಕು. ನಮಗೆ ಪಾಪ ಇಲ್ಲ ಅಂದ್ರೆ ನಮ್ಮನ್ನ ನಾವೇ ಮೋಸ ಮಾಡಿಕೊಳ್ತೀವಿ ಅಂತ ಯೋಹಾನ ಬರೆದದ್ದು ವಿಶ್ವಾಸಿಗಳಿಗೇ.

ಪೌಲನ ಪತ್ರಗಳನ್ನ ಸಂಪ್ರದಾಯದ ಕಾಲಕ್ರಮದಲ್ಲಿ ಓದಿದ್ರೆ ಮನಸ್ಸು ಕರಗುತ್ತೆ. ಕೊರಿಂಥದವರಿಗೆ ಬರೆಯುವಾಗ ನಾನು ಅಪೊಸ್ತಲರಲ್ಲಿ ಕನಿಷ್ಠ ಅಂತಾನೆ, ಎಫೆಸದವರಿಗೆ ಬರೆಯುವಾಗ ದೇವಜನರೆಲ್ಲರಲ್ಲಿ ಅತ್ಯಲ್ಪನಿಗಿಂತ ಅಲ್ಪ ಅಂತಾನೆ, ತಿಮೊಥೆಯನಿಗೆ ಬರೆಯೋ ಹೊತ್ತಿಗೆ ಪಾಪಿಗಳಲ್ಲಿ ನಾನೇ ಮುಖ್ಯನು ಅಂತಾನೆ. ಮುಖ್ಯನಾಗಿದ್ದೆ ಅಂತ ಹೇಳಲಿಲ್ಲ. ಸೇವೆಯಲ್ಲಿ ಮುಂದೆ ಹೋದ ಹಾಗೆಲ್ಲ ಅವನಿಗೆ ತನ್ನ ಬಗ್ಗೆ ಅಭಿಪ್ರಾಯ ಕೆಳಗೆ ಇಳೀತು, ಕ್ರಿಸ್ತನ ಬಗ್ಗೆ ಮೇಲೆ ಹೋಯ್ತು. ನಮ್ಮಲ್ಲಿ ವರ್ಷ ಕಳೆದ ಹಾಗೆ ಯಾವುದು ಮೇಲೆ ಹೋಗ್ತಿದೆ ಅಂತ ಸಭಾಪಾಲಕರೇ ದಯವಿಟ್ಟು ಒಂದು ಸಾರಿ ಮಂಡಿಯೂರಿ ಕೇಳಿಕೊಳ್ಳಿ.

ಹೀಗೆ ಹೇಳಿದ್ರೆ ಪಾಪಕ್ಕೆ ಲೈಸೆನ್ಸ್ ಕೊಟ್ಟ ಹಾಗಾಗುತ್ತೆ, ಪರಿಶುದ್ಧತೆ ಹೋಗುತ್ತೆ ಅಂತ ಹಿರಿಯರು ಹೇಳೋದು ಕೇಳಿದೀನಿ. ಆ ಭಯ ಅರ್ಥ ಆಗುತ್ತೆ, ಪರಿಶುದ್ಧತೆ ಬೇಡ ಅಂತ ಯಾರೂ ಹೇಳ್ತಿಲ್ಲ. ಆದ್ರೆ ಲೂಕ 18 ಆದ ಮೇಲೆ 19ನ್ನ ಓದಿ. ಫರಿಸಾಯ ಕೊಟ್ಟದ್ದು ಹತ್ತರಲ್ಲಿ ಒಂದು ಪಾಲು. ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ಯೇಸು ಹೋದ ಮೇಲೆ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂದ. ಯಾರೂ ಅವನಿಗೆ ದಶಮಾಂಶದ ಪಾಠ ಮಾಡಿರಲಿಲ್ಲ, ಯಾರ ಜೊತೆನೂ ಅವನು ಹೋಲಿಸಿಕೊಳ್ಳಲೂ ಇಲ್ಲ. ಕೃಪೆ ಹುಟ್ಟಿಸೋ ಪರಿಶುದ್ಧತೆ ಸ್ವನೀತಿಯ ಪರಿಶುದ್ಧತೆಗಿಂತ ದೊಡ್ಡದು, ಅದಕ್ಕೆ ಭಯ ಪಡೋದು ಬೇಡ.

ಇನ್ನೊಂದು ಗಂಭೀರ ವಿಷಯ, ಇದನ್ನ ಬಿಟ್ಟರೆ ಪತ್ರ ಅಪ್ರಾಮಾಣಿಕ ಆಗುತ್ತೆ. ಬಿದ್ದವರ ಮೇಲೆ ಕರುಣೆ ಇರಲಿ ಅಂದ್ರೆ ಅನ್ಯಾಯ ಮಾಡಿದವರನ್ನ, ಮಕ್ಕಳಿಗೆ ಹೆಂಗಸರಿಗೆ ಕೇಡು ಮಾಡಿದವರನ್ನ ಮುಚ್ಚಿಡಿ ಅಂತ ಅರ್ಥ ಅಲ್ಲ. ನಿಜ ಹೇಳಬೇಕಂದ್ರೆ ಮುಚ್ಚಿಡೋದೇ ಸ್ವನೀತಿಯ ಕೆಲಸ. "ಸಭೆಯ ಹೆಸರು ಹಾಳಾಗುತ್ತೆ" ಅಂತ ಹೇಳಿ ನೊಂದವರನ್ನೇ ಸುಮ್ಮನಿರಿಸೋ ಹಿರಿಯರು ಕರ್ತನ ಹೆಸರನ್ನ ಕಾಪಾಡ್ತಿಲ್ಲ, ನಾವು ಒಳ್ಳೆಯವರು ಅನ್ನೋ ತಮ್ಮ ಚಿತ್ರವನ್ನ ಕಾಪಾಡ್ತಿದಾರೆ. ಅಪರಾಧ ಆದ್ರೆ ಕಾನೂನಿಗೆ ಒಪ್ಪಿಸಬೇಕು, ನೊಂದವರ ಪಕ್ಕ ನಿಲ್ಲಬೇಕು. ನಾವು ಪಾಪಿಗಳ ಸಭೆ ಅಂತ ಮನಸಾರೆ ಒಪ್ಪಿಕೊಂಡ ಸಭೆಗೆ ಸತ್ಯ ಹೊರಗೆ ಬಂದ್ರೆ ನೋವಾಗುತ್ತೆ, ಮರ್ಯಾದೆ ಹೋಯ್ತು ಅನ್ನೋ ಗಾಬರಿ ಇರಲ್ಲ.

ಹಳೇ ಸಭೆಗಳಿಂದ ಕಲಿಯೋಕೆ ನಮಗೆ ಬೇಕಾದಷ್ಟಿದೆ. ನಾಲ್ಕನೇ ಶತಮಾನದಲ್ಲಿ ಐಗುಪ್ತದ (ಈಜಿಪ್ಟ್) ಸ್ಕೇಟಿಸ್ ಮರುಭೂಮಿಯಲ್ಲಿ ಮೋಶೆ ಅನ್ನೋ ಸನ್ಯಾಸಿ ಇದ್ರು, ಮೊದಲು ದರೋಡೆಕೋರ ಆಗಿದ್ದವರು. ಒಬ್ಬ ಸಹೋದರ ತಪ್ಪು ಮಾಡಿದ ಅಂತ ವಿಚಾರಣೆಗೆ ಹಿರಿಯರೆಲ್ಲ ಸೇರಿ ಇವರನ್ನೂ ಕರೆದ್ರು. ಇವರು ಸೋರೋ ಪಾತ್ರೆಗೆ ನೀರು ತುಂಬಿ ಹೊತ್ತುಕೊಂಡು ಬಂದ್ರಂತೆ. ಏನಿದು ಅಂತ ಕೇಳಿದ್ದಕ್ಕೆ, ನನ್ನ ಪಾಪಗಳು ನನ್ನ ಬೆನ್ನ ಹಿಂದೆ ಹೀಗೆ ಸೋರ್ತಾ ಇವೆ, ನನಗೆ ಕಾಣಿಸ್ತಿಲ್ಲ, ಇವತ್ತು ಇನ್ನೊಬ್ಬನ ತಪ್ಪಿಗೆ ತೀರ್ಪು ಕೊಡೋಕೆ ಬಂದಿದೀನಿ ಅಂದ್ರು. ಆ ಸಹೋದರನಿಗೆ ಏನೂ ಹೇಳದೆ ಕ್ಷಮಿಸಿ ಬಿಟ್ರು. ಗ್ರೀಕ್, ರಷ್ಯನ್ ಮೊದಲಾದ ಪೂರ್ವ ಆರ್ಥೊಡಾಕ್ಸ್ ಸಭೆಗಳಲ್ಲಿ ಇವತ್ತಿಗೂ ಒಂದು ಪದ್ಧತಿ ಇದೆ, ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸಕ್ಕೆ ತಯಾರಿ ಶುರುವಾಗೋದು ಸುಂಕದವನ ಮತ್ತು ಫರಿಸಾಯನ ಭಾನುವಾರದಿಂದ. ಅದರ ನಂತರದ ವಾರ ಯಾವಾಗಲೂ ಮಾಡೋ ಬುಧವಾರ ಶುಕ್ರವಾರದ ಉಪವಾಸನೂ ಬಿಡಬೇಕು. ವಾರಕ್ಕೆ ಎರಡು ಸಾರಿ ಉಪವಾಸ ಮಾಡ್ತೀನಿ ಅಂತ ಆ ಫರಿಸಾಯನ ಹಾಗೆ ಯಾರೂ ಹೆಚ್ಚಳ ಪಡಬಾರದು ಅಂತ. ಉಪವಾಸದ ಕಾಲಕ್ಕೆ ಮೊದಲು ಉಪವಾಸದ ಹೆಮ್ಮೆಗೆ ಮದ್ದು ಕೊಡೋ ಈ ಜಾಣತನ ನನಗೆ ತುಂಬಾ ಇಷ್ಟ. ನಾವು 21 ದಿನ 40 ದಿನ ಅಂತ ಪೋಸ್ಟರ್ ಹಾಕಿ ಉಪವಾಸ ಕೂಟ ಇಡ್ತೀವಲ್ಲ, ಅದರ ಮುಂಚೆ ನಮ್ಮಲ್ಲಿ ಇಂಥದ್ದು ಏನಿದೆ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪಾಸ್ಟರ್‌ಗಳೇ, ಸಂದೇಶ ತಯಾರಿಸುವಾಗ ಕೂಟದಲ್ಲಿ ಇಲ್ಲದವರ ಪಾಪಗಳನ್ನ ಸ್ವಲ್ಪ ಬದಿಗಿಟ್ಟು ಅಲ್ಲಿ ಕೂತಿರೋ ನಮ್ಮ ಪಾಪ ಮುಟ್ಟಿ ಮಾತಾಡಿ, ಹೊರಗಿನ ಲೋಕ ಕೆಟ್ಟಿದೆ ಅಂದಾಗ ನಾವು ಜೋರಾಗಿ ಆಮೆನ್ ಹೇಳ್ತೀವಿ, ಆ ಆಮೆನ್ ನಮಗೆ ಒಳ್ಳೇದು ಮಾಡ್ತಿಲ್ಲ. ಸಭೆಯ ಶಿಸ್ತು ಬೇಕು, ಆದ್ರೆ ಗಲಾತ್ಯ 6:1 ಹೇಳಿದ ಹಾಗೆ ಸಾತ್ವಿಕ ಮನಸ್ಸಿಂದ, ನೀನೂ ಶೋಧನೆಗೆ ಒಳಗಾದೀಯ ಅನ್ನೋ ಎಚ್ಚರದಿಂದ. ಶಿಸ್ತಿಗೆ ಒಳಗಾದವನು ತಿರುಗಿ ಬಂದ್ರೆ ಅವನು ಅತಿಯಾದ ದುಃಖದಲ್ಲಿ ಮುಳುಗಿ ಹೋಗದ ಹಾಗೆ ಕ್ಷಮಿಸಿ, ಸಂತೈಸಿ ಅಂತ ಪೌಲ ಕೊರಿಂಥದವರಿಗೆ ಬರೆದ, ನಮ್ಮಲ್ಲಿ ತಿರುಗಿ ಬಂದವರು ವರ್ಷಗಟ್ಟಲೆ ಹಿಂದಿನ ಬೆಂಚಲ್ಲೇ ಉಳೀತಾರೆ. ಅಣ್ಣಂದಿರೇ ಅಕ್ಕಂದಿರೇ, ಯಾರಾದ್ರೂ ಬಿದ್ದ ಸುದ್ದಿ ಕಿವಿಗೆ ಬಿದ್ದಾಗ ಮನಸ್ಸಲ್ಲಿ ಮೊದಲು ಏಳೋದು ಏನು ಅಂತ ನೋಡಿಕೊಳ್ಳಿ, ಅಳುನಾ ಅಥವಾ ನನಗೆ ಮೊದಲೇ ಗೊತ್ತಿತ್ತು ಅನ್ನೋ ಒಂದು ಸಣ್ಣ ಖುಷಿನಾ. ಸಂದೇಶ ಕೇಳುವಾಗ ಇದು ಆ ಬ್ರದರ್‌ಗೆ ಬೇಕಿತ್ತು, ಇವತ್ತೇ ಬಂದಿಲ್ಲ ನೋಡು ಅಂತ ಅನಿಸಿದ್ರೆ ಅಲ್ಲೇ ನಿಲ್ಲಿಸಿ. ಈ ಪತ್ರ ಓದುವಾಗಲೂ ಯಾರದೋ ಮುಖ ನೆನಪಿಗೆ ಬಂದು ಅವರಿಗೆ ಫಾರ್ವರ್ಡ್ ಮಾಡಬೇಕು ಅನಿಸಿದ್ರೆ ಸ್ವಲ್ಪ ತಡೀರಿ, ಮೊದಲು ನಿಮಗಾಗಿ ಓದಿ.

ಕೊನೇದಾಗಿ ಹಿರಿಯರ ಹತ್ರ ಒಂದು ಬಿನ್ನಹ. ಮುಂದಿನ ಸಾರಿ ಕರ್ತನ ಭೋಜನಕ್ಕೆ ಮುಂಚೆ ಪಾಪ ಅರಿಕೆಯ ಸಮಯ ಬಂದಾಗ ಸಾಮಾನ್ಯ ಪ್ರಾರ್ಥನೆ ಒಂದನ್ನ ಬೇಗ ಬೇಗ ಹೇಳಿ ಮುಗಿಸಬೇಡಿ. ನಿಮ್ಮಲ್ಲಿ ಯಾರಾದ್ರೂ ಒಬ್ರು ಎದ್ದು, ಬೇರೆಯವರ ಮರ್ಯಾದೆ ತೆಗೆಯದ ಹಾಗೆ, ರಕ್ಷಣೆ ಆದ ಮೇಲಿನ, ಈ ವರ್ಷದ, ನಿಮ್ಮದೇ ಒಂದು ಪಾಪವನ್ನ ಹೆಸರು ಹಿಡಿದು ಹೇಳಿ, ನನಗಾಗಿ ಪ್ರಾರ್ಥನೆ ಮಾಡಿ ಅಂತ ಸಭೆಯನ್ನ ಕೇಳಿ. ಒಬ್ಬರಿಗೊಬ್ಬರು ಪಾಪಗಳನ್ನ ಅರಿಕೆ ಮಾಡಿ ಅಂತ ಯಾಕೋಬ 5:16 ಹೇಳುತ್ತೆ, ನಾವು ಆ ವಾಕ್ಯದ ಮುಂದಿನ ಅರ್ಧ, ನೀತಿವಂತನ ಪ್ರಾರ್ಥನೆ ಬಹು ಬಲವಾದದ್ದು ಅನ್ನೋದನ್ನ ಮಾತ್ರ ಹಿಡಿದುಕೊಂಡಿದೀವಿ. ಯಾರೂ ಮುಂದೆ ಬರದಿದ್ರೆ ಸಭಾಪಾಲಕರೇ ನೀವೇ ಶುರು ಮಾಡಿ, ಹಿಂದಿನ ಬೆಂಚಿನವರು ಅದಕ್ಕೇ ಕಾಯ್ತಿದಾರೆ.

ಕ್ರಿಸ್ತನಲ್ಲಿ ನಿಮ್ಮ ಸಹೋದರ,
ಒಬ್ಬ ವಿಶ್ವಾಸಿ